‘ಎಲೆನ್ ವೆಸ್ಟ್’ ಪ್ರಬಂಧದಲ್ಲಿ ವ್ಯಾಖ್ಯಾನವೂ ಚಿಕಿತ್ಸೆಯೂ

ಸ್ವಿಟ್ಜರ್ಲೆಂಡಿನ ಮನೋವೈದ್ಯ ಲುಡ್ವಿಗ್ ಬಿನ್ಸ್‌ವಾಂಗರರು 1944-45ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ಎಲೆನ್ ವೆಸ್ಟ್’ ಪ್ರಬಂಧವು ರೋಗವೃತ್ತಾಂತವೆಂದು ಪ್ರಸಿದ್ಧವಾಗಿದ್ದರೂ ವಸ್ತುತಃ ಅದೊಂದು ವ್ಯಾಖ್ಯಾನಗ್ರಂಥವೇ ಸರಿ. ಎಲೆನ್ ಎಂಬುದು ಕಲ್ಪಿತನಾಮ. ದೇಹವು ಸ್ಥೂಲವಾದೀತೆಂಬ ಭಯದಿಂದ ಅನ್ನವನ್ನು ತೊರೆದು, ವಿರೇಚಕಗಳಿಂದ ಶರೀರವನ್ನು ಕೃಶಗೊಳಿಸಿ, ಅದರೊಡನೆ ಘೋರವಾದ ವಿಷಾದಕ್ಕೂ ಒಳಗಾದ ಆ ಮಹಿಳೆಯು 1921ರ ಜನವರಿಯಲ್ಲಿ ಕ್ರಾಯಿಟ್ಸ್‌ಲಿಂಗೆನ್ನಿನ ಬೆಲ್ವ್ಯೂ ಆರೋಗ್ಯಧಾಮವನ್ನು ಸೇರಿದಳು. ಮಾರ್ಚಿ ತಿಂಗಳ ಕೊನೆಯಲ್ಲಿ ಅಲ್ಲಿಂದ ಹೊರಟು, ಕೆಲವೇ ದಿನಗಳಲ್ಲಿ ತಾನಾಗಿಯೇ ಪ್ರಾಣವನ್ನು ತ್ಯಜಿಸಿದಳು. ಪ್ರಬಂಧವು ಹೊರಬಂದದ್ದು ಅದಾದ ಇಪ್ಪತ್ತಕ್ಕೂ ಮಿಕ್ಕ ವರ್ಷಗಳ ಮೇಲೆ.

ವ್ಯಾಖ್ಯಾತರ ಸಾಮರ್ಥ್ಯದಲ್ಲಿ ಸಂದೇಹವಿಲ್ಲ. ಎಲೆನ್ನಳ ದಿನಚರಿ, ಕವಿತೆ, ಪತ್ರಗಳನ್ನು ಸೂಕ್ಷ್ಮವಾಗಿ ಶೋಧಿಸಿ, ಆಕಾಶದಲ್ಲಿ ಹಗುರಾಗಿ ಹಾರುವ ಹಂಬಲವೊಂದು, ಸಮಾಧಿಯಂತೆ ಮುಚ್ಚಿಕೊಳ್ಳುವ ಮಣ್ಣಿನ ಭಯವೊಂದು, ಹೀಗೆ ಎರಡು ಲೋಕಗಳ ನಡುವೆ ಆಕೆಯ ಬಾಳು ಸಿಕ್ಕಿತ್ತೆಂದು ಅವರು ತೋರಿಸುತ್ತಾರೆ. ಕಾವ್ಯಕ್ಕಾದರೆ ಈ ಕ್ರಮವು ಸಾಧು. ಮುಗಿದ ಕಾವ್ಯವು ವ್ಯಾಖ್ಯಾತನಿಗೆ ಮರುನುಡಿಯದು. ರೋಗಿಯು ಹಾಗಲ್ಲ. ಆಕೆಯ ಮರಣವನ್ನೇ ಆಕೆಯ ಅಸ್ತಿತ್ವದ ಸಾರ್ಥಕ್ಯವೆಂಬಂತೆ ನಿರೂಪಿಸಿದ ಕಡೆಯಂತೂ ವ್ಯಾಖ್ಯಾನಕೌಶಲವು ಕರುಣೆಯನ್ನು ಮೀರಿ ನಡೆದಿದೆ.

ವೈದ್ಯರ ಸಮಾಲೋಚನೆಯೂ ಬಹುಮಟ್ಟಿಗೆ ನಾಮಕರಣದ ವಾದವಾಗಿತ್ತು. ಕ್ರೇಪೆಲಿನ್ನರು ಹಿಂದೆ ವಿಷಾದರೋಗವೆಂದಿದ್ದರು. ಬಿನ್ಸ್‌ವಾಂಗರರೂ ಬ್ಲಾಯ್ಲರರೂ ಸ್ಕಿಜೊಫ್ರೇನಿಯಾ ಎಂದರು. ಚಿಕಿತ್ಸೆಯಿಂದ ಫಲವು ನಿಶ್ಚಿತವಲ್ಲವೆಂಬಲ್ಲಿ ಮಾತ್ರ ಐಕಮತ್ಯವುಂಟಾಯಿತು. ಎಲ್ಲರೂ ಆಕೆಯನ್ನು ಕುರಿತು ಮಾತನಾಡಿದರು, ಆಕೆಯೊಡನೆ ಮಾತನಾಡಿದವರು ವಿರಳ ಎಂಬುದು 1961ರಲ್ಲಿ ಅಚ್ಚಾದ ಕಾರ್ಲ್ ರೋಜರ್ಸರ ಆಕ್ಷೇಪದ ಸಾರ. ಆಕ್ಷೇಪವು ಯುಕ್ತವೇ, ಆದರೆ ಅಪೂರ್ಣ. ಬೆಲ್ವ್ಯೂಗೆ ಬರುವ ಮುನ್ನ ಎಲೆನ್ ಇಬ್ಬರು ಮನೋವಿಶ್ಲೇಷಕರೊಡನೆ ಬೇಕಾದಷ್ಟು ಮಾತನಾಡಿದ್ದಳು. ಬುದ್ಧಿಗೆ ತಿಳಿವು ದೊರೆಯಿತು, ಊಟ ಮಾತ್ರ ಸರಿಹೋಗಲಿಲ್ಲ.

ಮುಖ್ಯಾರ್ಥಕ್ಕೆ ಬಾಧೆಯಿಲ್ಲದೆ ಲಕ್ಷಣೆಗೆ ಎಡೆಯಿಲ್ಲವೆಂಬುದು ಆಲಂಕಾರಿಕರ ನಿಯಮ. ಇಲ್ಲಿ ಮುಖ್ಯಾರ್ಥವು ಹಸಿವು. ಚರಕಸಂಹಿತೆಯು ಶೋಕಭಯಗಳಿಂದ ಹುಟ್ಟುವ ಅರೋಚಕವನ್ನು ಹೇಳುತ್ತದೆಯಾದರೂ ಆ ಹೆಸರು ಇದಕ್ಕೆ ಹೊಂದದು. ಎಲೆನ್ನಳಿಗೆ ರುಚಿ ಕೆಟ್ಟಿರಲಿಲ್ಲ, ಅನ್ನದ ಚಿಂತೆಯೇ ಹಗಲಿರುಳೂ ಸುಡುತ್ತಿತ್ತು. ಬಿನ್ಸ್‌ವಾಂಗರರು ಆ ಹಸಿವನ್ನು ಅಂತರಂಗದ ಶೂನ್ಯತೆಯೆಂದು ಅರ್ಥೈಸಿ ಮುಂದೆ ಸಾಗಿದರು. ಅದೇ 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸರು 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಆಹಾರವಿತ್ತು ಪರೀಕ್ಷಿಸಿದರು. ಅವರಲ್ಲಿ ಅನೇಕರು ಖಿನ್ನರಾದರು, ಜನಸಂಗವನ್ನು ಬಿಟ್ಟರು, ಕೆಲವರು ಪಾಕವಿಧಿಗಳನ್ನು ಸಂಗ್ರಹಿಸತೊಡಗಿದರು. ವಿಷಾದದ ಒಂದು ಪಾಲು ಉಪವಾಸದ್ದೇ ಎಂಬುದು ಇದರಿಂದ ಸ್ಪಷ್ಟ. ಪ್ರಬಂಧಕಾರರಿಗೆ ಈ ಫಲಿತಾಂಶವು ಲಭ್ಯವಿರಲಿಲ್ಲವಾಗಿ ದೋಷವನ್ನು ಪೂರ್ಣವಾಗಿ ಅವರ ಮೇಲೆ ಹೊರಿಸುವಂತಿಲ್ಲ. ತಿಳಿದೂ ಪ್ರಬಂಧವನ್ನು ಬರಿಯ ತತ್ತ್ವವಾಗಿ ಪಾಠಹೇಳುವವರಿಗೆ ಆ ವಿನಾಯಿತಿ ಸಲ್ಲದು.

ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಫೇರ್‌ಬರ್ನರು ರೂಪಿಸಿದ ಸಂಭಾಷಣಚಿಕಿತ್ಸೆಯಲ್ಲಿಯೂ ರೋಗಿಯು ದಿನಚರಿ ಬರೆಯುವುದುಂಟು: ಏನು ತಿಂದದ್ದು, ಯಾವ ಹೊತ್ತಿನಲ್ಲಿ, ಆಗ ಮನಸ್ಸಿಗೆ ಏನಾಯಿತು. ಊಟದ ವೇಳೆಯನ್ನು ಕ್ರಮಪಡಿಸುವುದು ಅದರ ಮೊದಲ ಕಾರ್ಯಗಳಲ್ಲೊಂದು; ಪ್ರತ್ಯೇಕವಾದ ತೀವ್ರ ವಿಷಾದವಿದ್ದರೆ ಅದಕ್ಕೂ ಬೇರೆಯೇ ಚಿಕಿತ್ಸೆಯುಂಟು. ಆ ದಿನಚರಿಯನ್ನು ರೋಗಿಯೂ ಚಿಕಿತ್ಸಕನೂ ಎದುರುಬದುರು ಕುಳಿತು ಓದುತ್ತಾರೆ.