ಪತ್ರಿಕೆಗೆ ಬೀಗ, ಕಡತ ಬಯಲು

ಅತ್ಯಾಚಾರ ಸಂತ್ರಸ್ತೆಯ ಗುರುತು ಕಾಪಾಡುವ ಮಾತು ಬಂದಾಗಲೆಲ್ಲ ವಕೀಲರು, ಪತ್ರಿಕೋದ್ಯಮದ ಮೇಷ್ಟ್ರುಗಳು, ಟಿ.ವಿ. ಚರ್ಚೆಯ ಪರಿಣತರು ಎಲ್ಲರೂ ಒಂದೇ ತೀರ್ಪಿನ ಹೆಸರು ಹೇಳುತ್ತಾರೆ: ನಿಪುಣ್ ಸಕ್ಸೇನಾ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ 2018ರ ಡಿಸೆಂಬರ್ 11ರಂದು ಕೊಟ್ಟ ತೀರ್ಪು ಅದು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರ, ಕೊಲೆಗೆ ಬಲಿಯಾದ ವೈದ್ಯೆಯ ಹೆಸರು, ಫೋಟೊ ಎಲ್ಲೆಲ್ಲೂ ಹರಿದಾಡಿದಾಗ ಅವನ್ನು ತೆಗೆಸಲು ಸುಪ್ರೀಂ ಕೋರ್ಟ್ ನೆನಪಿಸಿದ್ದೂ ಅದನ್ನೇ. ಮೈಲಿಗಲ್ಲು ಎಂಬ ಬಿರುದು ಆ ತೀರ್ಪಿಗೆ ಅಂಟಿಕೊಂಡುಬಿಟ್ಟಿದೆ. ಪೂರ್ತಿ ಓದಿದವರಿಗೆ ಬಿರುದು ಸಡಿಲವಾಗಿದೆ ಅನಿಸದೆ ಇರದು.

ಹಿನ್ನೆಲೆ ಗೊತ್ತಿರುವುದೇ. ಅತ್ಯಾಚಾರದ ಆರೋಪ ಹೊತ್ತ ಪೊಲೀಸರನ್ನು ಖುಲಾಸೆ ಮಾಡಿದ ಮಥುರಾ ಪ್ರಕರಣದ ತೀರ್ಪು, ಅದರ ವಿರುದ್ಧ ಎದ್ದ ಚಳವಳಿ, 1983ರ ತಿದ್ದುಪಡಿ. ಆಗ ಐಪಿಸಿಗೆ 228ಎ ಸೇರಿತು. ಸಂತ್ರಸ್ತೆಯ ಹೆಸರನ್ನಾಗಲಿ, ಗುರುತು ಸಿಗುವ ಯಾವ ವಿವರವನ್ನಾಗಲಿ ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಜೈಲು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆಂಬ ನಿಯಮವೂ ಆಗಲೇ ಬಂತು.

ತೀರ್ಪಿನಲ್ಲಿ ಎಲ್ಲರೂ ಮೆಚ್ಚುವ ಭಾಗವೊಂದಿದೆ, ಮೆಚ್ಚಬೇಕಾದದ್ದೇ. ‘ಗುರುತು’ ಎಂದರೆ ಹೆಸರಷ್ಟೇ ಅಲ್ಲ ಎಂದು ನ್ಯಾಯಮೂರ್ತಿ ಗುಪ್ತಾ ಉದಾಹರಣೆ ಕೊಟ್ಟು ವಿವರಿಸುತ್ತಾರೆ. ಒಂದು ವರದಿಯಲ್ಲಿ ಹುಡುಗಿಯ ಹೆಸರಿಲ್ಲ, ಆದರೆ ಆಕೆ ರಾಜ್ಯದ ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವಳು ಎಂದಿದೆ, ರಾಜ್ಯದ ಹೆಸರೂ ಇದೆ. ಇನ್ನೊಂದರಲ್ಲಿ ಸಂತ್ರಸ್ತೆಯ ಮುಖ ಮಸುಕು ಮಾಡಿ ಬಂಧುಗಳ ಮುಖವನ್ನು, ಊರನ್ನು ಢಾಳಾಗಿ ತೋರಿಸಲಾಗಿದೆ. ಗುರುತು ಹಿಡಿಯಲು ಯಾವ ಪತ್ತೇದಾರಿಯೂ ಬೇಕಿಲ್ಲ. ದೂರದಿಂದಲೂ ಗುರುತು ಸಿಗುವಂಥ ಯಾವ ಸಂಗತಿಯೂ ಮುದ್ರಣ, ದೃಶ್ಯ, ಸಾಮಾಜಿಕ ಮಾಧ್ಯಮಗಳಲ್ಲಿ ಬರಕೂಡದು ಎಂಬ ಮೊದಲ ನಿರ್ದೇಶನ ಹುಟ್ಟಿದ್ದು ಇಲ್ಲಿಂದ.

ಇದೇ ಅಳತೆಗೋಲನ್ನು ಕೋರ್ಟಿನ ಕಡತಕ್ಕೆ ಹಿಡಿದು ನೋಡಬೇಕು. ಲೈಂಗಿಕ ದೌರ್ಜನ್ಯದ ಪ್ರಕರಣದ ತೀರ್ಪಿನಲ್ಲಿ ಸಂತ್ರಸ್ತೆ ‘ಪಿ.ಡಬ್ಲ್ಯೂ.1’, ಅಂದರೆ ಪ್ರಾಸಿಕ್ಯೂಷನ್ನಿನ ಮೊದಲ ಸಾಕ್ಷಿ, ಆಗಿರುತ್ತಾಳೆ ಅನ್ನೋಣ. ಪಿ.ಡಬ್ಲ್ಯೂ.2 ಆಕೆಯ ತಾಯಿ, ಪಿ.ಡಬ್ಲ್ಯೂ.3 ಚಿಕ್ಕಪ್ಪ, ಅವರ ಹೆಸರು ತೀರ್ಪಿನಲ್ಲಿ ಬಂದುಬಿಡುತ್ತದೆ. ಸ್ಥಳ ಮಹಜರಿನಲ್ಲಿ ಚೆಕ್ಕುಬಂದಿ ಸಮೇತ ಮನೆ, ಹೊಲ, ಹಳ್ಳ ಎಲ್ಲ ಇರುತ್ತವೆ. ವಯಸ್ಸು ಸಾಬೀತು ಮಾಡಲು ಶಾಲೆಯ ಮುಖ್ಯೋಪಾಧ್ಯಾಯರ ಸಾಕ್ಷ್ಯ. ಶಾಲೆಯ ಹೆಸರಿಲ್ಲದೆ ಅದು ನಿಲ್ಲದು. ಆರೋಪಿ ಪಕ್ಕದ ಮನೆಯವನೋ ಸೋದರಮಾವನೋ ಆಗಿದ್ದರೆ ಆ ನಂಟೂ ತೀರ್ಪಿನಲ್ಲಿ ದಾಖಲಾಗುತ್ತದೆ. ಇಷ್ಟಾದ ಮೇಲೆ ಒಂದು ಹೆಸರನ್ನು ‘ಎಕ್ಸ್’ ಎಂದು ಬರೆದು ಬಂದ ಭಾಗ್ಯವೇನು? ಪರೀಕ್ಷೆಯಲ್ಲಿ ಮೊದಲು ಬಂದವಳ ಸುದ್ದಿ ಬರೆದ ವರದಿಗಾರ ಮಾಡಿದ್ದು ತಪ್ಪಾದರೆ, ಇದು ಯಾವ ಲೆಕ್ಕದಲ್ಲಿ ಸರಿ?

ನಿಪುಣ್ ಸಕ್ಸೇನಾ ತೀರ್ಪಿನ ಕೊನೆಯ ಒಂಬತ್ತು ನಿರ್ದೇಶನಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಎಫ್‌ಐಆರ್ ಸಾರ್ವಜನಿಕವಾಗಕೂಡದು, ಪೊಲೀಸರು ದಾಖಲೆಗಳನ್ನು ಮುಚ್ಚಿದ ಲಕೋಟೆಯಲ್ಲಿಡಬೇಕು, ಹೆಸರು ತಿಳಿದ ಅಧಿಕಾರಿಗಳೆಲ್ಲ ಬಾಯಿ ಬಿಗಿಹಿಡಿಯಬೇಕು, ಇವೆಲ್ಲ ಒಳ್ಳೆಯವೇ. ಆದರೆ ಕೋರ್ಟ್ ಹಾಲಿನ ಬಾಗಿಲಲ್ಲಿ ಜವಾನ ಹೆಸರು ಕೂಗುತ್ತಾನೆ, ಕಾರಿಡಾರಿನ ಜನ ತಿರುಗಿ ನೋಡುತ್ತಾರೆ. ಸಮನ್ಸ್ ಹಿಡಿದ ಪೇದೆ ಹಳ್ಳಿಯ ಚಹಾದಂಗಡಿಯಲ್ಲಿ ನಿಂತು ಮನೆ ಯಾವುದೆಂದು ವಿಚಾರಿಸುತ್ತಾನೆ. ಗುಟ್ಟು ಸೋರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ, ಪೇಪರು ಆಮೇಲೆ ಬರುತ್ತದೆ. ತೀರ್ಪಿನ ದೃಷ್ಟಿ ಪೇಪರಿನ ಮೇಲೆ.

ಇನ್ನೂ ವಿಚಿತ್ರವೊಂದಿದೆ. ಸಂತ್ರಸ್ತೆಯನ್ನು ಸಮಾಜ ಬಹಿಷ್ಕೃತಳಂತೆ ಕಾಣುತ್ತದೆ, ಪೊಲೀಸರು ಆರೋಪಿಯಂತೆ ಪ್ರಶ್ನಿಸುತ್ತಾರೆ, ಪಾಟೀ ಸವಾಲಿನಲ್ಲಿ ಆಕೆಯ ಶೀಲ ಕೆದಕುವಾಗ ನ್ಯಾಯಾಧೀಶರು ಕೆಲವೊಮ್ಮೆ ಮೂಕಪ್ರೇಕ್ಷಕರಾಗಿ ಕೂತಿರುತ್ತಾರೆ ಎಂದು ತೀರ್ಪು ಶುರುವಿನಲ್ಲೇ ಹೇಳುತ್ತದೆ. ಕಟುವಾದ ಮಾತು, ಸತ್ಯವಾದ ಮಾತು. ನಿರ್ದೇಶನಗಳ ಪಟ್ಟಿಗೆ ಬರುವಷ್ಟರಲ್ಲಿ ಪತ್ರಕರ್ತನಿಗೆ ನಿಷೇಧವಿದೆ, ಪೊಲೀಸನಿಗೆ ಲಕೋಟೆಯಿದೆ, ಆ ಮೂಕಪ್ರೇಕ್ಷಕನಿಗೆ ಏನೂ ಇಲ್ಲ.

ಸದ್ದಿಲ್ಲದೆ ಇದಕ್ಕಿಂತ ದೂರ ಹೋದ ತೀರ್ಪುಗಳು ಕರ್ನಾಟಕದಿಂದ ಹೋದ ಮೇಲ್ಮನವಿಗಳಲ್ಲಿ ಸಿಗುತ್ತವೆ. 2003ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ವಿರುದ್ಧ ಪುಟ್ಟರಾಜ ಪ್ರಕರಣದಲ್ಲಿ ನ್ಯಾಯಮೂರ್ತಿ ಅರಿಜಿತ್ ಪಸಾಯತ್ ಕಾನೂನಿನ ಬಿರುಕನ್ನು ನೇರವಾಗಿ ತೋರಿಸಿದರು. ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳ ಪ್ರಕಟಣೆಗೆ 228ಎ ನಿಷೇಧ ಅನ್ವಯಿಸದು ನಿಜ. ಆದರೂ ಕಾನೂನಿನ ಉದ್ದೇಶ ನೋಡಿದರೆ ಸುಪ್ರೀಂ ಕೋರ್ಟಿನಿಂದ ಹಿಡಿದು ಕೆಳ ಕೋರ್ಟಿನವರೆಗೆ ಯಾವ ತೀರ್ಪಿನಲ್ಲೂ ಆಕೆಯ ಹೆಸರು ಬೇಡ ಎಂದರು. ಬೆರಳು ತೋರಿಸಿದ್ದು ತಮ್ಮ ಮನೆಯ ಕಡೆಗೇ. 2021ರಲ್ಲಿ ಛತ್ತೀಸಗಡದ ಸೆಷನ್ಸ್ ಕೋರ್ಟೊಂದರ ತೀರ್ಪಿನಲ್ಲಿ ಸಂತ್ರಸ್ತೆಯ ಹೆಸರು ಕಂಡು ಸುಪ್ರೀಂ ಕೋರ್ಟ್ ಮತ್ತೆ ಬೇಸರಪಡಬೇಕಾಯಿತು ಎಂದರೆ ಪುಟ್ಟರಾಜ ಪ್ರಕರಣವನ್ನು ಎಷ್ಟು ಜನ ಓದಿದ್ದಾರೆಂದು ಊಹಿಸಬಹುದು.

ಎರಡನೆಯದು 2014ರ ಶಿವಣ್ಣ ಪ್ರಕರಣ. ಸಂತ್ರಸ್ತೆಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಬಳಿ, ಆದಷ್ಟು ಮಹಿಳಾ ಮ್ಯಾಜಿಸ್ಟ್ರೇಟರ ಬಳಿಯೇ, ಕರೆದೊಯ್ಯಬೇಕು. ಆಕೆಯ ಹೇಳಿಕೆಯಲ್ಲಿ ಏನಿದೆ ಎಂಬುದು ದೋಷಾರೋಪ ಪಟ್ಟಿ ಸಲ್ಲಿಕೆಯಾಗುವವರೆಗೆ ಯಾರಿಗೂ ತಿಳಿಯಬಾರದು ಎಂದಿತು ಆ ಆದೇಶ. ಸಂತ್ರಸ್ತೆಯ ಮಾತಿಗೇ ರಕ್ಷಣೆ ಕೊಟ್ಟ ಆದೇಶವಿದು. ಹಾಗಿದ್ದೂ ಅದರ ಶೀರ್ಷಿಕೆಯಲ್ಲಿ ದೂರು ದಾಖಲಾದ ಠಾಣೆಯ ಹೆಸರು, ಆರೋಪಿಯ ಅಡ್ಡಹೆಸರು ಎರಡೂ ಅಚ್ಚಾಗಿವೆ. ಠಾಣೆ ಇರುವುದು ಚಿಕ್ಕ ಊರಲ್ಲಿ. ಆ ಎರಡನ್ನೂ ಇಲ್ಲಿ ಬರೆಯುವ ಅಗತ್ಯವಿಲ್ಲ.

ಇನ್ನು ನಿಪುಣ್ ಸಕ್ಸೇನಾ ತೀರ್ಪನ್ನು ಬೇರೆ ದಿಕ್ಕಿನಿಂದ ಬೈಯುವವರ ವಿಚಾರ. ಹೆಸರು ಮುಚ್ಚುವುದೇ ಅವಮಾನವನ್ನು ಒಪ್ಪಿಕೊಂಡಂತೆ ಎಂಬುದು ಇವರ ವಾದ. 2024ರಲ್ಲಿ ಫ್ರಾನ್ಸಿನ ಅವಿನ್ಯೋಂ ಕೋರ್ಟಿನಲ್ಲಿ ಅತ್ಯಾಚಾರ ಸಂತ್ರಸ್ತೆ ಜಿಸೆಲ್ ಪೆಲಿಕೊ ಮುಚ್ಚಿದ ಬಾಗಿಲಿನ ವಿಚಾರಣೆ ಬೇಡವೆಂದ ಮೇಲೆ ಈ ವಾದಕ್ಕೆ ಹೊಸ ಕಸುವು ಬಂದಿದೆ. ಆದರೆ ಪೆಲಿಕೊ ಉದಾಹರಣೆ ಇವರ ಕೈಯಲ್ಲೇ ತಿರುಗಿಬೀಳುತ್ತದೆ. ಬಾಗಿಲು ಮುಚ್ಚಿಸುವ ಹಕ್ಕು ಆಕೆಗಿತ್ತು, ಅದಕ್ಕೇ ತೆರೆಯಿರಿ ಎನ್ನಲು ಸಾಧ್ಯವಾಯಿತು. ಇಲ್ಲೂ ಸಂತ್ರಸ್ತೆ ಲಿಖಿತ ಒಪ್ಪಿಗೆ ಕೊಟ್ಟರೆ ಹೆಸರು ಪ್ರಕಟಿಸಲು 1983ರಿಂದಲೇ ಅವಕಾಶವಿದೆ. ಕೋಲ್ಕತ್ತದ ಸುಜೆಟ್ ಜೋರ್ಡನ್ ‘ಪಾರ್ಕ್ ಸ್ಟ್ರೀಟ್ ಸಂತ್ರಸ್ತೆ’ ಎಂಬ ಹಣೆಪಟ್ಟಿ ಕಿತ್ತೆಸೆದು 2013ರಲ್ಲಿ ತಮ್ಮ ಹೆಸರಲ್ಲೇ ಮಾತಾಡಿದರು. ಯಾವ ಕಾನೂನೂ ಅಡ್ಡ ಬರಲಿಲ್ಲ. ಕಾನೂನು ಹೆಣ್ಣಿನ ಬಾಯಿ ಮುಚ್ಚಿಸುತ್ತದೆ ಎಂದು ಅಂಕಣ ಬರೆಯುವ ಮುನ್ನ ಸೆಕ್ಷನ್ನಿನ ಎರಡನೇ ಉಪವಿಭಾಗದವರೆಗಾದರೂ ಓದುವ ತಾಳ್ಮೆ ಬೇಕಿತ್ತು.

ಅವರ ವಾದ ಗಟ್ಟಿಯಾಗಿ ನಿಲ್ಲುವುದು ಸತ್ತವರ ವಿಷಯದಲ್ಲಿ. ದೆಹಲಿಯ ‘ನಿರ್ಭಯಾ’ ಪ್ರಕರಣದ ಯುವತಿಯ ತಾಯಿ 2015ರ ಡಿಸೆಂಬರ್‌ನಲ್ಲಿ ಜನರೆದುರು ಮಗಳ ಹೆಸರು ಹೇಳಿ, ತಮಗೆ ನಾಚಿಕೆಯೇನೂ ಇಲ್ಲ ಎಂದಿದ್ದರು. ಮೂರು ವರ್ಷದ ನಂತರ ಬಂದ ತೀರ್ಪು, ಹೋರಾಟಕ್ಕೆ ನಿಜವಾದ ಹೆಸರೇ ಬೇಕಿಲ್ಲ, ನಿರ್ಭಯಾ ಎಂಬ ಹೆಸರಿನಲ್ಲೂ ಜನಾಭಿಪ್ರಾಯ ಎದ್ದಿತಲ್ಲ ಎಂದಿತು. ಸಂತ್ರಸ್ತೆ ಮೃತಪಟ್ಟಿದ್ದರೆ ಹತ್ತಿರದ ಬಂಧುಗಳ ಒಪ್ಪಿಗೆಯೂ ಸಾಲದು, ಸೆಷನ್ಸ್ ನ್ಯಾಯಾಧೀಶರೇ ತೀರ್ಮಾನಿಸಬೇಕು ಎಂದೂ ಹೇಳಿತು. ಮನೆಯವರೇ ಆರೋಪಿಗಳಾಗಿರುವ ಪ್ರಕರಣಗಳುಂಟು, ಅಲ್ಲಿ ಈ ಎಚ್ಚರ ಬೇಕು. ಆದರೆ ಎಲ್ಲ ತಾಯಂದಿರನ್ನೂ ಒಂದೇ ಅನುಮಾನದಿಂದ ನೋಡಿದ್ದು ಅತಿಯಾಯಿತು. ಪತ್ರಿಕೆಯೊಂದು ಇಟ್ಟ ಹೆಸರು ಸಾಕು, ಹೆತ್ತವಳು ಹೇಳಿದ ಹೆಸರಿಗೆ ಅರ್ಜಿ ಹಾಕಬೇಕು: ಇಡೀ ತೀರ್ಪಿನಲ್ಲಿ ಅತ್ಯಂತ ದುರ್ಬಲ ಭಾಗ ಇದೇ.

ಹಾಸನದಲ್ಲಿ ನಡೆದದ್ದಂತೂ ಎರಡೂ ಪಕ್ಷಗಳ ಲೆಕ್ಕಕ್ಕೆ ಸಿಗದ ಸಂಗತಿ. 2024ರ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೂರು ಸುತ್ತಿದವು. ಹೆಂಗಸರ ಮುಖ ಮಸುಕು ಮಾಡುವ ಕನಿಷ್ಠ ಸೌಜನ್ಯವನ್ನೂ ಯಾರೂ ತೋರಲಿಲ್ಲ. ಹಂಚಿದವರಿಗೆ ಬೇಕಿದ್ದದ್ದು ಮತ. ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧ ಎಂದು ಎಸ್‌ಐಟಿ ಎಚ್ಚರಿಸುವಷ್ಟರಲ್ಲಿ ಅವು ಮೊಬೈಲ್‌ಗಳಲ್ಲಿ ಕೂತಾಗಿತ್ತು. ಒಂದು ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ದಿನದ ಸುದ್ದಿಗಳಲ್ಲೂ ಸಂತ್ರಸ್ತೆಯ ಹೆಸರಿರಲಿಲ್ಲ. ವಯಸ್ಸು, ಉದ್ಯೋಗ, ತಾಲ್ಲೂಕು ಇದ್ದವು. ದೂರದಿಂದಲೂ ಗುರುತು ಸಿಗಬಾರದೆಂದು ಸುಮಾರು ಏಳು ವರ್ಷ ಹಿಂದೆಯೇ ಹೇಳಿದ್ದ ತೀರ್ಪು ಗ್ರಂಥಾಲಯದಲ್ಲಿತ್ತು.

ಮೈಲಿಗಲ್ಲು ಅನ್ನುವುದಾದರೆ ಆ ಮಾತು ಪುಟ್ಟರಾಜ ಪ್ರಕರಣಕ್ಕೆ ಸಲ್ಲಬೇಕು. ನಿಪುಣ್ ಸಕ್ಸೇನಾ ಪತ್ರಕರ್ತರಿಗೆ ಬರೆದ ಒಳ್ಳೆಯ ಸುತ್ತೋಲೆ. ಸಂಸತ್ತು ಈ ಎರಡನ್ನೂ ಮುಂದಿಟ್ಟುಕೊಂಡು ಕಾನೂನನ್ನು ಹೊಸದಾಗಿ ಬರೆಯಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 228ಎ ಎರಡು ಸೆಕ್ಷನ್‌ಗಳಾಗಿ ಒಡೆದು 72, 73 ಆಗಿದೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳ ಪ್ರಕಟಣೆ ಅಪರಾಧವಲ್ಲ ಎಂಬ 1983ರ ವಿವರಣೆ 73ರ ಕೆಳಗೆ ಹಾಗೇ ಉಳಿದಿದೆ.