ರೇಡಿಯೋದಲ್ಲಿ ಬೀದರ್ ಮಾತಾಡುವುದು ಯಾವಾಗ?

ಹಾಡುಗಳನ್ನು ಬಿಟ್ಟು, ಆಕಾಶವಾಣಿಯ ಮಾತಿನ ಕಾರ್ಯಕ್ರಮಗಳನ್ನಷ್ಟೇ ಬೆಳಗಿನಿಂದ ರಾತ್ರಿವರೆಗೆ ಕೇಳಿದರೆ ಅದೊಂದು ದೊಡ್ಡ ಗದ್ಯ ಸಂಕಲನದ ಹಾಗಿರುತ್ತದೆ. ಚಿಂತನ, 6.55ರ ಸಂಸ್ಕೃತ ವಾರ್ತೆ, ಕನ್ನಡ ವಾರ್ತೆ, ಪ್ರದೇಶ ಸಮಾಚಾರ, ವೈದ್ಯರ ಸಂದರ್ಶನ, ಮಹಿಳೆಯರ ಕಾರ್ಯಕ್ರಮ, ಸಂಜೆ ಕೃಷಿರಂಗ, ಯುವವಾಣಿ, ಒಮ್ಮೊಮ್ಮೆ ನಾಟಕ. ಪ್ರಬಂಧವೂ ವರದಿಯೂ ಸಂಭಾಷಣೆಯೂ ಒಂದೇ ದಿನದಲ್ಲಿ ಸಿಗುತ್ತವೆ. ಆದರೆ ಈ ಗದ್ಯವನ್ನು ನಮ್ಮ ವಿಮರ್ಶೆ ಗದ್ಯವೆಂದು ಗಮನಿಸಿದ್ದು ಕಡಿಮೆ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಕೂತು ಕೇಳುವವರಿಗಂತೂ ಅದನ್ನು ಗಮನಿಸದೆ ವಿಧಿಯಿಲ್ಲ. ಇಲ್ಲಿಯವರ ಆಕಾಶವಾಣಿ ಎಂದರೆ ಮುಖ್ಯವಾಗಿ 1966ರಲ್ಲಿ ಶುರುವಾದ ಕಲಬುರಗಿ ಕೇಂದ್ರ. ಅಲ್ಲಿಂದ ಬರುವ ಕನ್ನಡಕ್ಕೂ ರೇಡಿಯೋ ಇಟ್ಟ ಕಟ್ಟೆಯ ಮೇಲಿನ ಕನ್ನಡಕ್ಕೂ ದಿನವಿಡೀ ಒಂದು ಅಂತರ ಇದ್ದೇ ಇರುತ್ತದೆ.

ರೇಡಿಯೋ ಭಾಷಣವೆಂಬುದು ನಿಜಕ್ಕೆ ಮಾತಲ್ಲ, ಬರಹ. ಮೊದಲೇ ಬರೆದು ಒಪ್ಪಿಸಿದ ಹಸ್ತಪ್ರತಿಯನ್ನು ಸ್ಟುಡಿಯೋದಲ್ಲಿ ಕೂತು ಓದುವುದು ಅದರ ಪದ್ಧತಿ. ಬಹಳಷ್ಟು ಭಾಷಣಕಾರರು ಕಾಲೇಜಿನ ಟಿಪ್ಪಣಿಯಂಥದ್ದನ್ನೇ ಬರೆದುಕೊಂಡು ಬರುತ್ತಾರೆ. ಕಿವಿಗೆ ಹಿಂದಿನ ಪುಟ ತಿರುವಿ ನೋಡುವ ಸೌಕರ್ಯವಿಲ್ಲ ಎಂಬುದು ಅವರಿಗೆ ನೆನಪಿರುವುದಿಲ್ಲ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಯಾರೆಂದು ಕೇಳುಗ ಮರೆತಿರುತ್ತಾನೆ. ಚಿಂತನದ ಕಷ್ಟ ಬೇರೆ. ಒಂದು ಕಥೆ, ಅದಕ್ಕೊಂದು ನೀತಿ; ಆ ನೀತಿ ಎಲ್ಲಿಯದೂ ಅಲ್ಲ, ಯಾವ ಊರಿನದೂ ಅಲ್ಲ.

ದಿನದ ನಡುವೆ ಎಲ್ಲಾದರೂ ಈ ಬರಹ ಒಡೆದು ಮಾತು ಒಳಗೆ ಬರುವುದಾದರೆ ಅದು ಫೋನ್-ಇನ್ ಕಾರ್ಯಕ್ರಮದಲ್ಲಿ. ‘ಸರ್, ನಮಸ್ಕಾರ್ರಿ, ನಾ ಔರಾದದಿಂದ ಮಾತಾಡ್ಲಿಕತ್ತಿನ್ರಿ. ನಮ್ ತೊಗರಿ ಪೂರಾ ಒಣಗ್ಯಾದ್ರಿ, ಏನ್ ಮಾಡ್ಬೇಕ್ರಿ?’ ಎಂಬ ಧಾಟಿಯ ಮಾತು. ಆ ಕಡೆಯಿಂದ ತಜ್ಞರು ಸೊರಗು ರೋಗ, ಬೀಜೋಪಚಾರ, ಬೆಳೆ ಪರಿವರ್ತನೆ ಎಂದು ಉತ್ತರಿಸುತ್ತಾರೆ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ರೈತ ಅದಕ್ಕೆ ‘ನೆಟೆ’ ಎನ್ನುತ್ತಾನೆ. 2022ರ ಮುಂಗಾರಿನ ತೊಗರಿಗೆ ಕಲಬುರಗಿ ಸೀಮೆಯಲ್ಲಿ ಈ ರೋಗ ಬಿದ್ದಾಗ ಪತ್ರಿಕೆಗಳು ‘ನೆಟೆ ರೋಗ’ ಎಂದೇ ಬರೆದವು, ಪರಿಹಾರದ ಮಾತೂ ಆ ಹೆಸರಿನಲ್ಲೇ ನಡೆಯಿತು. ಹೊಲದ ಶಬ್ದವೊಂದು ಹೀಗೆ ಸುದ್ದಿಯ ಭಾಷೆಗೆ ಬರಬೇಕಾದರೆ ಅಷ್ಟು ಬೆಳೆ ಹಾಳಾಗಬೇಕಾಯಿತು.

ದಿನವಿಡೀ ಕೇಳಿದರೆ ಒಂದು ವ್ಯವಸ್ಥೆ ಗೊತ್ತಾಗುತ್ತದೆ. ಈ ಭಾಗದ ಕನ್ನಡಕ್ಕೆ ಪ್ರಶ್ನೆ ಕೇಳಲು ಜಾಗವಿದೆ, ಜಾನಪದ ಹಾಡಲು ಜಾಗವಿದೆ, ನಾಟಕದಲ್ಲಿ ನಗಿಸಲು ಜಾಗವಿದೆ. ಉತ್ತರ ಹೇಳುವಾಗ, ಪುಸ್ತಕದ ಬಗ್ಗೆ ಮಾತಾಡುವಾಗ, ಚಿಂತನ ಮಾಡುವಾಗ ಅದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಹೊರಗೇ ಉಳಿಯುತ್ತದೆ. ಬೀದರಿನವರೇ ಮೈಕಿನ ಮುಂದೆ ಕೂತರೂ ಅಷ್ಟೇ.

ಹಾಗೆಂದು ವಾರ್ತೆಯನ್ನೂ ಆಡುಮಾತಿನಲ್ಲಿ ಓದಿ ಎಂದು ನಾನು ಹೇಳಲಾರೆ. ಅದಕ್ಕೆ ಈ ಜಿಲ್ಲೆಯ ಚರಿತ್ರೆಯೇ ಕಾರಣ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಡೆಕ್ಕನ್ ರೇಡಿಯೋದ ಮುಖ್ಯ ಭಾಷೆ ಉರ್ದು; 1950ರಲ್ಲಿ ಆಕಾಶವಾಣಿ ಅದನ್ನು ವಹಿಸಿಕೊಂಡಿತು. ಅದಕ್ಕೂ ಮುಂಚೆ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಇಲ್ಲಿ ಎಲ್ಲರೂ ಬಲ್ಲರು. ಔರಾದ್ ಕಡೆ ಇಂದಿಗೂ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ ಎಂಬಂಥ ಮಕ್ಕಳಿದ್ದಾರೆ. ಇಂಥವರಿಗೆ ವಾರ್ತೆಯ ಸ್ಪಷ್ಟ, ಅವಸರವಿಲ್ಲದ ಕನ್ನಡ ಪುಕ್ಕಟೆ ಪಾಠ. ಬೆಂಗಳೂರಿನಲ್ಲಿ ಕೂತು ಶಿಷ್ಟ ಕನ್ನಡವನ್ನು ಬೈಯುವುದು ಸುಲಭ. ಗಡಿಯಲ್ಲಿ ಅದಕ್ಕೆ ಬೇರೆಯೇ ಬೆಲೆ ಇದೆ.

ಆದರೆ ವಾರ್ತೆಗಿರುವ ಈ ಸಮರ್ಥನೆ ಭಾಷಣಕ್ಕೆ ಒದಗುವುದಿಲ್ಲ. ವಾರ್ತೆ ಎಲ್ಲರದು, ಯಾರ ದನಿಯೂ ಅಲ್ಲ. ಭಾಷಣವನ್ನು ನಾವು ಒಬ್ಬರ ದನಿ ಎಂದೇ ಕೇಳುತ್ತೇವೆ. ಧಾರವಾಡ ಕೇಂದ್ರಕ್ಕೆ ಬೇಂದ್ರೆ ಸಲಹೆಗಾರರಾಗಿದ್ದರು; ಧಾರವಾಡದ ಮಾತಿನಲ್ಲಿ ಗಹನವಾದದ್ದನ್ನೂ ಹೇಳಬಹುದು ಎಂಬುದನ್ನು ಆಮೇಲೆ ಯಾರೂ ಸಾಬೀತು ಮಾಡಬೇಕಾಗಲಿಲ್ಲ. ಕಲಬುರಗಿಯ ಮಾತಿಗೆ ಆ ಕೆಲಸವನ್ನು ಗೀತಾ ನಾಗಭೂಷಣ ಕಾದಂಬರಿಯಲ್ಲಿ ಮಾಡಿದರು. ಅವರ ‘ಬದುಕು’ವಿಗೆ 2004ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದೂ ಆಯಿತು. ಆ ಕಾದಂಬರಿಯನ್ನು ಪರಿಚಯಿಸುವ ರೇಡಿಯೋ ಭಾಷಣವನ್ನು ‘ಪ್ರಸ್ತುತ ಕೃತಿಯು ಶೋಷಿತ ಸಮುದಾಯದ ಜೀವನವನ್ನು ಅನಾವರಣಗೊಳಿಸುತ್ತದೆ’ ಎಂಬ ಧಾಟಿಯಲ್ಲಿ ಬರೆದರೆ, ಪುಸ್ತಕದ ಜನ ಅದನ್ನು ಕೇಳಿ ತಮ್ಮದೆಂದು ಗುರುತಿಸುವುದು ಕಷ್ಟ. ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಬರೆಯುವುದೂ ಈ ಭಾಷೆಯನ್ನೇ, ಇರಲಿ.

ದೇವಣಿ ದನ ಸಾಕಿದ ಭಾಲ್ಕಿಯ ಒಬ್ಬ ಹೆಣ್ಣುಮಗಳನ್ನು ಕರೆದು, ಕೈಗೆ ಕಾಗದ ಕೊಡದೆ, ಹತ್ತು ನಿಮಿಷ ಮಾತಾಡಲು ಬಿಡಬಹುದು. ಆ ಮಾತನ್ನು ಕೃಷಿರಂಗಕ್ಕೆ ಸೇರಿಸದೆ, ಬೆಳಿಗ್ಗೆ ಚಿಂತನದ ಹೊತ್ತಿಗೆ ಪ್ರಸಾರ ಮಾಡಬೇಕು. ಆಕೆ ಗೋವಿನ ಮಹಿಮೆ ಹೇಳಲಿಕ್ಕಿಲ್ಲ. ಮೇವಿಲ್ಲದ ವರ್ಷ ಯಾವ ದನ ಮಾರಿದಳು, ಯಾವುದನ್ನು ಇಟ್ಟುಕೊಂಡಳು, ಯಾಕೆ ಎಂಬುದನ್ನು ಹೇಳಿಯಾಳು.