‘ಚೋಮನ ದುಡಿ’ ಮತ್ತು ಗೇಣಿಯ ಪ್ರಶ್ನೆ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಅಸ್ಪೃಶ್ಯತೆಯ ಕ್ರೌರ್ಯವನ್ನು ಚಿತ್ರಿಸಿದ ಕಾದಂಬರಿಯೆಂದು ಸುವಿದಿತ. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಕೈಚಾಚದೆ ನಿಂತ ಸನ್ನಿವೇಶವನ್ನು ಉದಾಹರಿಸದ ವಿಮರ್ಶೆ ವಿರಳ. ಈ ವಾಚನ ತಪ್ಪಲ್ಲ, ಅಪೂರ್ಣ. ಚೋಮನು ಬೇಡಿದ್ದು ಸ್ಪರ್ಶವನ್ನಲ್ಲ, ದೇವಾಲಯಪ್ರವೇಶವನ್ನೂ ಅಲ್ಲ. ಗೇಣಿಗೆ ಒಂದು ತುಂಡು ಭೂಮಿಯನ್ನು. ಅವನಲ್ಲಿ ಜೋಡೆತ್ತುಗಳಿದ್ದವು, ದುಡಿಯುವ ತ್ರಾಣವಿತ್ತು. ಬೇಸಾಯಗಾರನೆನಿಸಿಕೊಳ್ಳಲು ಜಾತಿಯ ಅನುಮತಿ ಮಾತ್ರ ಇರಲಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ತುಸು ಕರಗಿದರೂ ಸಂಪ್ರದಾಯದ ಭೀತಿ ಅದನ್ನು ಮತ್ತೆ ಬಿಗಿಗೊಳಿಸಿತು.

ಕೃತಿಯ ಅರ್ಥವ್ಯವಸ್ಥೆಯೂ ಗಮನಾರ್ಹವಾದುದು. ಕಾಫಿತೋಟದ ಧಣಿಯಲ್ಲಿ ಮಾಡಿದ ಅಲ್ಪ ಸಾಲಕ್ಕಾಗಿ ಚೋಮನ ಮಕ್ಕಳು ಘಟ್ಟ ಹತ್ತಬೇಕಾಯಿತು. ಒಬ್ಬ ಮಗ ಜ್ವರಕ್ಕೆ ಬಲಿಯಾದ, ಇನ್ನೊಬ್ಬ ಕ್ರೈಸ್ತನಾಗಿ ದೂರವಾದ. ಭೂಮಿಯಿಲ್ಲದವನಿಗೆ ಅಡವಿಡಲು ಮಕ್ಕಳ ದುಡಿಮೆಯಲ್ಲದೆ ಬೇರೇನಿದೆ?

1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1976ರ ಶಾಸನ ಜೀತವನ್ನು ನಿಷೇಧಿಸಿತು. ಚೋಮನ ಮೂಲ ಬೇಡಿಕೆಗೆ ಸಮೀಪವಾದುದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ. ಗೇಣಿದಾರನನ್ನು ಒಡೆಯನನ್ನಾಗಿಸಿದ ಆ ಶಾಸನ, ಗೇಣಿ ಪದ್ಧತಿ ಪ್ರಬಲವಾಗಿದ್ದ ದಕ್ಷಿಣ ಕನ್ನಡದಲ್ಲಿ ಮಹತ್ತರ ಪರಿವರ್ತನೆಗೆ ಕಾರಣವಾಯಿತು. ಮುಂಬಯಿಯಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳಲ್ಲಿ ಅಂದು ಭೂಮಿ ಪಡೆದವರ ವೃತ್ತಾಂತವೂ ಕಳೆದುಕೊಂಡವರ ವೃತ್ತಾಂತವೂ ಇಂದಿಗೂ ಕೇಳಬರುತ್ತವೆ. ಆದರೆ ಆ ಹಕ್ಕಿಗೆ ಗೇಣಿದಾರನಾಗಿರುವುದೇ ಮೊದಲ ಅರ್ಹತೆ. ಗೇಣಿಯನ್ನೇ ಪಡೆಯಲಾಗದ ಚೋಮ ಅರ್ಜಿ ಹಾಕುವುದು ಯಾವ ಆಧಾರದ ಮೇಲೆ? ಕೃಷಿಕಾರ್ಮಿಕನಿಗೆ ವಾಸದ ಮನೆಯ ನೆಲ ದೊರೆಯಿತು. ಮಿತಿಮೀರಿದ ಭೂಮಿಯ ಹಂಚಿಕೆಯಲ್ಲಿ ಭೂಹೀನನಿಗೂ ಅವಕಾಶವಿತ್ತು. ಆದರೆ ಹಾಗೆ ಹಂಚಲು ದೊರೆತ ಭೂಮಿ ಅಲ್ಪ. ಹಿಂದೆ ಜಾತಿ ಯಾರನ್ನು ಗೇಣಿಯಿಂದ ಹೊರಗಿಟ್ಟಿತ್ತೋ ಅವರನ್ನೇ, ಯಾವ ದುರುದ್ದೇಶವೂ ಇಲ್ಲದೆ, ಸಮಾನತೆಯ ಶಾಸನವೂ ಬಹುಮಟ್ಟಿಗೆ ಹೊರಗೆ ಬಿಟ್ಟಿತು. ಆ ಹೊರಗಿನವನ ರೂಪವನ್ನು ನಾಲ್ಕು ದಶಕಗಳ ಮೊದಲೇ ಕಂಡರಿಸಿದ್ದು ಕಾರಂತರ ಹೆಗ್ಗಳಿಕೆ.

ಆದರೂ ಕೃತಿ ಈ ಪ್ರಶ್ನೆಯನ್ನು ಕೊನೆಯವರೆಗೆ ಹಿಡಿದು ನಿಲ್ಲುವುದಿಲ್ಲ. ಬೆಳ್ಳಿ ಮತ್ತು ಮನ್ವೇಲನ ಪ್ರಸಂಗ ಬೆಳೆದಂತೆ ತಂದೆಯ ಮಾನಭಂಗದ ದುಃಖ ಮುಂದಾಗಿ, ಗದ್ದೆಯ ಹಂಬಲ ಹಿಂದೆ ಸರಿಯುತ್ತದೆ. ಚೋಮನ ಕೇರಿಯ ಇತರರಿಗೆ ಅಂಥ ಹಂಬಲವೇ ಇಲ್ಲವೆಂಬಂತೆ ಅವನೊಬ್ಬನೇ ಅದನ್ನು ಹೊರುತ್ತಾನೆ. ಅವನ ದುಡಿಯ ನಾದ ಓದುಗನಿಗೆ ಕೇಳಿಸುವಷ್ಟು ಸ್ಪಷ್ಟವಾಗಿ ಪಕ್ಕದ ಗುಡಿಸಲಿನವರ ಮಾತು ಕೇಳಿಸುವುದಿಲ್ಲ.